ಹುಬ್ಬಳ್ಳಿಗೆ ಹೋಗದ ಡೈನಮೋ

ಸವಣೂರಿನಲ್ಲಿ ಯಾರ ಕಾರಾದರೂ ಬೆಳಿಗ್ಗೆ ಸ್ಟಾರ್ಟ್ ಆಗದೆ ಹಟ ಹಿಡಿದರೆ, ಮನೆಯವರೆಲ್ಲ ಸೇರಿ ಅದನ್ನು ನೂಕಿಕೊಂಡು ಹೋಗಿ ನಿಲ್ಲಿಸುವುದು ಜಾಕೀರನ ಅಂಗಡಿಯ ಮುಂದೆ. ಜಾಕೀರ ಬಾನೆಟ್ ಎತ್ತುತ್ತಾನೆ, ಒಳಗೆ ಕಣ್ಣಾಡಿಸುತ್ತಾನೆ, ಗಡ್ಡ ಕೆರೆದುಕೊಳ್ಳುತ್ತಾನೆ, ಆಮೇಲೆ ಹೇಳುತ್ತಾನೆ: "ಡೈನಮೋ ಹೋಗೇತ್ರಿ. ಹೊಸಾದು ಹಾಕೋಣು."

ಅಷ್ಟರಲ್ಲಿ ಅಂಗಡಿಯ ಹಿಂಬದಿಯಿಂದ ಒಂದು ಹೆಣ್ಣುದನಿ ಬರುತ್ತದೆ: "ಮೊದಲ ಬಿಚ್ಚಿ ಒಳಗ ಕೊಡ್ರಿ. ಹೋಗೇತೋ ಇಲ್ಲೋ ನಾ ನೋಡ್ತೇನಿ."

ಆ ದನಿ ಜಾಕೀರನ ಹೆಂಡತಿ ದಿಲ್ಶಾದಳದು. ಇದು ಅವಳ ಕಥೆ.

ಡೈನಮೋ ಎಂದರೆ ಕಾರಿನ ಆಲ್ಟರ್ನೇಟರ್. ಪುಸ್ತಕದಲ್ಲಿ ಏನೇ ಹೆಸರಿರಲಿ, ನಮ್ಮ ಕಡೆ ಡೈನಮೋ ಎಂದರೇನೇ ಗಿರಾಕಿಗೆ ತಿಳಿಯುವುದು. ಎಂಜಿನ್ನಿನ ಪಕ್ಕದಲ್ಲಿ ಸಿಪ್ಪೆ ಸುಲಿಯದ ತೆಂಗಿನಕಾಯಿಯ ಗಾತ್ರದಲ್ಲಿ ಕುಳಿತು, ಬೆಲ್ಟಿನ ಜೋರಿಗೆ ತಾನೂ ತಿರುಗುತ್ತ, ಬ್ಯಾಟರಿಗೆ ಕರೆಂಟು ತುಂಬುವುದು ಅದರ ಕೆಲಸ. ಅದು ಕೈಕೊಟ್ಟರೆ ಕಾರು ಒಮ್ಮೆಲೇ ನಿಲ್ಲುವುದಿಲ್ಲ. ಬ್ಯಾಟರಿಯಲ್ಲಿ ಉಳಿದದ್ದನ್ನು ತಿನ್ನುತ್ತ ಒಂದಷ್ಟು ದೂರ ಹೋಗಿ, ಅಕ್ಕಪಕ್ಕ ಯಾರೂ ಇಲ್ಲದ ಜಾಗ ನೋಡಿ ನಿಲ್ಲುತ್ತದೆ.

ದಿಲ್ಶಾದ ಹುಟ್ಟಿದ್ದು ಬಂಕಾಪುರದಲ್ಲಿ. ತಂದೆ ಹಯಾತಸಾಬರು ಸುಟ್ಟುಹೋದ ಫ್ಯಾನು, ಮಿಕ್ಸರು, ಪಂಪುಗಳಿಗೆ ಹೊಸ ತಾಮ್ರದ ತಂತಿ ಸುತ್ತಿಕೊಡುತ್ತಿದ್ದರು. ಆ ಕೆಲಸಕ್ಕೆ ವೈಂಡಿಂಗ್ ಎನ್ನುತ್ತಾರೆ. ಸುತ್ತುಗಳ ಎಣಿಕೆ ತಪ್ಪಬಾರದು. ಹೆಚ್ಚಾದರೆ ಫ್ಯಾನು ಮೈಗಳ್ಳತನ ಮಾಡುತ್ತದೆ, ಕಡಿಮೆಯಾದರೆ ಮತ್ತೆ ಸುಡುತ್ತದೆ. ಹಯಾತಸಾಬರ ಕೈಯಂತ್ರದಲ್ಲಿ ಎಣಿಸುವ ಮೀಟರ್ ಇರಲಿಲ್ಲವಾದ್ದರಿಂದ ಅಪ್ಪ ಹಿಡಿಕೆ ತಿರುಗಿಸುವಾಗ ಮಗಳು ಪಕ್ಕದಲ್ಲಿ ಕುಳಿತು ಎಣಿಸುತ್ತಿದ್ದಳು. ಶಾಲೆಗೆ ಸೇರುವ ಮೊದಲೇ ಅವಳಿಗೆ ಲೆಕ್ಕ ಬಾಯಿಗೆ ಬಂದದ್ದು ಹಾಗೆ. ತೊಂದರೆ ಕೊಡುತ್ತಿದ್ದವು ಊರ ಹಳೆಯ ಕೋಟೆಯಲ್ಲಿದ್ದ ನವಿಲುಗಳು. ಎಣಿಕೆ ಮುಗಿಯುತ್ತ ಬಂತು ಎನ್ನುವಾಗ ಒಂದು ನವಿಲು ಕೂಗಿಬಿಡುತ್ತಿತ್ತು, ಹುಡುಗಿಗೆ ಲೆಕ್ಕ ತಪ್ಪುತ್ತಿತ್ತು, ಅಪ್ಪ ನಿಟ್ಟುಸಿರು ಬಿಟ್ಟು ತಂತಿ ಬಿಚ್ಚಲು ಶುರುಮಾಡುತ್ತಿದ್ದರು. ದೂರದೂರುಗಳಿಂದ ಜನ ನವಿಲು ನೋಡಲೆಂದೇ ಬರುವ ಆ ಊರಿನಲ್ಲಿ ನವಿಲು ಕಂಡರೆ ಕಲ್ಲು ಹುಡುಕುತ್ತಿದ್ದವಳು ಅವಳೊಬ್ಬಳೇ.

ಹೈಸ್ಕೂಲಿಗೆ ಅವಳು ಸವಣೂರಿನ ಚಿಕ್ಕಮ್ಮನ ಮನೆಗೆ ಬಂದಳು. ಅಲ್ಲಿ ಕನ್ನಡ ಕಲಿಸುತ್ತಿದ್ದವರು ಕೃಷ್ಣಾಬಾಯಿ. ಊರಿನ ಹಳೆಯ ವೈಷ್ಣವ ಮನೆತನದವರು, ಎತ್ತರದ ದನಿಯವರು, ಕಾಗುಣಿತ ತಪ್ಪಿದವರನ್ನು ಬೆಂಚಿನ ಮೇಲೆ ನಿಲ್ಲಿಸಿ ಮರೆತುಬಿಡುವವರು. ದಿಲ್ಶಾದ ಬೆಂಚಿನ ಮೇಲೆ ಬಹಳ ಸಲ ನಿಂತಿದ್ದಳು. ಆದರೂ ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಅದೇನೋ ಸಲಿಗೆ ಬೆಳೆಯಿತು. ವಾದ ಮಾಡುವ ಹುಡುಗಿಯರೆಂದರೆ ಕೃಷ್ಣಾಬಾಯಿಗೆ ಒಳಗೊಳಗೇ ಇಷ್ಟ.

ಮುಂದೆ ಜಾಕೀರನ ಜೊತೆ ಮದುವೆಯಾಯಿತು. ಅವನು ಆಗಷ್ಟೇ ಆಟೊ ಇಲೆಕ್ಟ್ರಿಕ್ ಅಂಗಡಿ ಹಾಕಿದ್ದ. ಬಲ್ಬು, ಹಾರ್ನು, ವೈರಿನ ಕೆಲಸ ಚೆನ್ನಾಗಿ ಬರುತ್ತಿತ್ತು; ವೈಂಡಿಂಗ್ ಮಾತ್ರ ಬರುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ಒಂದು ಸಂಜೆ, ಹತ್ತಿಮತ್ತೂರಿನ ಟ್ರ್ಯಾಕ್ಟರೊಂದರ ಸುಟ್ಟ ಡೈನಮೋ ಹಿಡಿದು ಮನೆಗೆ ಬಂದು, ನಾಳೆ ಹುಬ್ಬಳ್ಳಿಗೆ ಕಳಿಸಬೇಕು ಎಂದು ಗೊಣಗುತ್ತ ಮಲಗಿದ. ಎದ್ದು ನೋಡಿದರೆ ಅದು ಅಡುಗೆಮನೆಯಲ್ಲಿ ಬಿಚ್ಚಿ ಕುಳಿತಿತ್ತು. ಹೆಂಡತಿ ಒಳಗಿನ ಕರಕಲು ತಂತಿಯನ್ನು ಕಿತ್ತು ಮೊರದಲ್ಲಿ ಹಾಕುತ್ತಿದ್ದಳು.

"ಏನ್ ಮಾಡಾಕತ್ತಿ?" ಎಂದು ಜಾಕೀರ ಗಾಬರಿಯಿಂದ ಕೇಳಿದ.

"ಫ್ಯಾನಿನ ಅಣ್ಣ ಇದು. ಬ್ಯಾರೆ ಏನೂ ಇಲ್ಲ," ಎಂದಳು ದಿಲ್ಶಾದ. "ತಂತಿ ತಂದು ಕೊಡ್ರಿ."

ತಂದುಕೊಟ್ಟ. ಅವಳು ಸುತ್ತಿದಳು. ಟ್ರ್ಯಾಕ್ಟರ್ ಗುಡುಗುತ್ತ ಹತ್ತಿಮತ್ತೂರಿಗೆ ಹೋಯಿತು. ಅಂದಿನಿಂದ ಜಾಕೀರ ಗಿರಾಕಿಗಳಿಗೆ, "ವೈಂಡಿಂಗಿಗೆ ಹುಬ್ಬಳ್ಳಿಗೆ ಕಳಿಸೇನ್ರಿ, ನಾಡದ್ದು ಬರ್ರಿ" ಎನ್ನತೊಡಗಿದ. ಡೈನಮೋ ಹೋಗುತ್ತಿದ್ದದ್ದು ಅಂಗಡಿಯಿಂದ ಎರಡು ಓಣಿ ದಾಟಿ ಅವನ ಮನೆಗೆ. ಹೆಂಡತಿಯ ಕೆಲಸ ಎಂದರೆ ಜನ ನಂಬಲಿಕ್ಕಿಲ್ಲ ಎಂಬ ಅಳುಕು ಅವನಿಗೆ. ಸುಳ್ಳಿನಿಂದ ಯಾರಿಗೂ ನಷ್ಟವಿಲ್ಲ ಎಂಬ ಸಮಾಧಾನವೂ ಇತ್ತು. ಹುಬ್ಬಳ್ಳಿಯ ಆ ಇಲ್ಲದ ಮಿಸ್ತ್ರಿಗೆ ಸವಣೂರಿನಲ್ಲಿ ಒಳ್ಳೆಯ ಹೆಸರು ಬಂತು. ಯಲವಿಗಿಯ ಒಬ್ಬ ರೈತ ಅವನಿಗೆಂದು ಬುಟ್ಟಿ ತುಂಬ ಮಾವಿನಹಣ್ಣನ್ನೂ ಕೊಟ್ಟಿದ್ದ. ದಿಲ್ಶಾದ ಆ ಹಣ್ಣು ತಿನ್ನುತ್ತ, "ಹುಬ್ಬಳ್ಳಿ ಮಿಸ್ತ್ರಿಗೆ ನನ್ನ ಸಲಾಂ ತಿಳಸ್ರಿ," ಎಂದಿದ್ದಳು.

ಗುಟ್ಟು ಒಡೆದದ್ದು ಕೃಷ್ಣಾಬಾಯಿಯವರಿಂದ. ಅವರು ನಿವೃತ್ತಿಯಾದ ಮೇಲೆ, ಬಸ್ಸಿನಲ್ಲಿ ನಿಂತು ಕಾಲು ಸವೆದವೆಂದು ಹೇಳಿ, ಒಂದು ಹಳೆಯ ಬಿಳಿ ಸಣ್ಣ ಕಾರು ಕೊಂಡು ಡ್ರೈವಿಂಗ್ ಕಲಿತಿದ್ದರು. ಇಡೀ ಊರನ್ನು ಎರಡನೇ ಗೇರಿನಲ್ಲಿ ದಾಟುತ್ತಿದ್ದರು. ಅವರ ಯಜಮಾನರು ರಾಘಣ್ಣನವರಿಗೆ ಹೆಂಡತಿಯ ಡ್ರೈವಿಂಗ್ ಮೇಲೆ ಬಹಳ ಗೌರವ, ಆದರೆ ಅದನ್ನು ಅವರು ದೂರ ನಿಂತು ತೋರಿಸುತ್ತಿದ್ದರು. ಒಮ್ಮೆ ಆ ಕಾರಿನ ಡೈನಮೋದ ಬೇರಿಂಗ್ ಸವೆದು ಕೀಚಲು ದನಿ ಬರತೊಡಗಿದಾಗ ಜಾಕೀರ ಎಂದಿನಂತೆ ಹುಬ್ಬಳ್ಳಿಯ ಹೆಸರು ಹೇಳಿದ. ಮರುದಿನ ಕೃಷ್ಣಾಬಾಯಿ ಹಳೆಯ ವಿದ್ಯಾರ್ಥಿನಿಯನ್ನು ಮಾತಾಡಿಸಿ ಹೋಗೋಣವೆಂದು ಅವರ ಮನೆಗೆ ಬಂದರು. ಅಡುಗೆಮನೆಯ ಬಾಗಿಲಲ್ಲಿ ಉಳ್ಳಾಗಡ್ಡಿ ಬುಟ್ಟಿಯ ಪಕ್ಕ ತಮ್ಮ ಡೈನಮೋ ಕುಳಿತಿರುವುದು ಕಂಡಿತು. ಅದರ ಮೇಲೆ ರಾಘಣ್ಣ ಆಯುಧಪೂಜೆಗೆ ಹಚ್ಚಿದ್ದ ಅರಿಷಿಣ-ಕುಂಕುಮ ಇನ್ನೂ ಹಾಗೇ ಇತ್ತು.

"ಇದು ಹುಬ್ಬಳ್ಳಿಗೆ ಹೋಗಿತ್ತಲ್ಲs?" ಎಂದರು ಕೃಷ್ಣಾಬಾಯಿ.

ದಿಲ್ಶಾದ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಸೆರಗಿನಲ್ಲಿ ಮುಚ್ಚಿಡಲು ನೋಡಿದಳು. "ಈಗ ಬಂತ್ರಿ ಅಕ್ಕೋರ, ಮುಂಜಾನಿ ಬಸ್ಸಿಗೆ."

"ದಿಲ್ಶಾದ, ನೀ ಎಂಟನೇತ್ತಾಗೂ ಸುಳ್ಳು ಹೇಳಿದ್ರ ಕಿವಿ ಕೆಂಪಾಗ್ತಿದ್ವು. ಈಗೂ ಆಗ್ಯಾವ."

ಶಿಕ್ಷಕಿಯಾದವರಿಗೆ ಗೊತ್ತಾದದ್ದು ತರಗತಿಗೆಲ್ಲ ಗೊತ್ತಾಗುತ್ತದೆ. ಸಂಜೆಯೊಳಗೆ ಊರಿಗೇ ಗೊತ್ತಾಯಿತು. ಜಾಕೀರ ಒಂದು ವಾರ ತಲೆ ತಗ್ಗಿಸಿಕೊಂಡು ಓಡಾಡಿದ. ಗಿರಾಕಿಗಳು ಮಾತ್ರ ಒಬ್ಬರೂ ಕಡಿಮೆಯಾಗಲಿಲ್ಲ. ಆಮೇಲೆ ಅವನು ಅಂಗಡಿಯ ಹಿಂಬದಿಯಲ್ಲಿ ಕಿಟಕಿಯ ಪಕ್ಕ ಒಂದು ಮೇಜು ಹಾಕಿಸಿ, ಮೇಲೆ ಒಂದು ಒಳ್ಳೆಯ ದೀಪ ತೂಗುಬಿಟ್ಟ. ದಿಲ್ಶಾದ ಅಂಗಡಿಗೆ ಬಂದು ಕುಳಿತಳು. ಅವರ ಜಗಳವೂ ಮನೆಯಿಂದ ಅಂಗಡಿಗೆ ಬಂತು. ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ; ಜಗಳಕ್ಕೆ ಎರಡೂ ಬೇಕಾಗುತ್ತಿದ್ದವು.

ಜಗಳ ಯಾವಾಗಲೂ ಒಂದೇ. ಹೊಸದು ಹಾಕಿಬಿಟ್ಟರೆ ಗಿರಾಕಿ ಮತ್ತೆ ಬಂದು ಬಾಗಿಲಲ್ಲಿ ನಿಂತು ಕೂಗಾಡುವುದಿಲ್ಲ ಎಂಬುದು ಜಾಕೀರನ ವಾದ. "ಒಳಗ ಇಷ್ಟ್ ಸಾಮಾನ ಇರ್ತಾವ, ಒಂದು ಕೆಟ್ಟತಂತ ಉಳಿದವೆಲ್ಲಾ ಏನ್ ಪಾಪಾ ಮಾಡ್ಯಾವು?" ಎಂಬುದು ದಿಲ್ಶಾದಳ ವಾದ. ರಿಪೇರಿಯಾಗುವುದನ್ನು ಬಿಸಾಡುವುದೆಂದರೆ ಅವಳಿಗೆ ಅನ್ನ ಚೆಲ್ಲಿದಂತೆ. ಹೆಚ್ಚಿನ ಸಲ ಅವಳೇ ಗೆಲ್ಲುತ್ತಿದ್ದಳು. ಗೆದ್ದಾಗ ಸುಮ್ಮನಿರುವ ಗುಣ ಅವಳಿಗೆ ಇರಲಿಲ್ಲ. ಹೊಸದರ ಪೆಟ್ಟಿಗೆಗಳ ಮೇಲೆ ಕೂತ ಧೂಳನ್ನು ಗಂಡನಿಗೆ ಕಾಣುವಂತೆ ಒರೆಸುತ್ತಿದ್ದಳು.

ಹೋದ ಮಳೆಗಾಲ ಮುಗಿದ ಹೊಸತರಲ್ಲಿ ಕೃಷ್ಣಾಬಾಯಿಯವರ ಫೋನು ಬಂತು.

"ಕಾರಿನಾಗ ಒಂದು ಕೆಂಪು ದೀಪ ಹತ್ತ್ಯದವಾ. ಬ್ಯಾಟರಿ ಚಿತ್ರಾ ಅದ ಅದರಾಗ. ಛಂದ ಕಾಣಸ್ಲಿಕ್ಕತ್ತದ."

"ಎಷ್ಟ್ ದಿವಸ ಆತ್ರಿ ಅಕ್ಕೋರ?"

"ದಸರಾದಾಗಿಂದ ಅದ. ಹಬ್ಬದ್ದು ಅಂತ ಬಿಟ್ಟಿದ್ದೆ."

ಕಾರು ಬಂತು. ಡೈನಮೋ ಬಿಚ್ಚಿದರೆ ಒಳಗಿನ ತಂತಿ ಒಂದು ಕಡೆ ಕಾಫಿಪುಡಿಯಂತೆ ಕಪ್ಪಾಗಿತ್ತು, ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಕಾರ್ಬನ್ನು ಸವೆದಿತ್ತು. ಜಾಕೀರ ಹೊಸದರ ಪೆಟ್ಟಿಗೆ ಎತ್ತಿಟ್ಟ. ದಿಲ್ಶಾದ ಅದನ್ನು ಮತ್ತೆ ಕಪಾಟಿನಲ್ಲಿಟ್ಟಳು.

"ಹಿರೇಕೆರೂರಿಗೆ ಹೊಂಟಾರ ಅಕ್ಕೋರು, ಕೂಸಿನ ತೊಟ್ಟಿಲಕ್ಕ. ದೂರದ ದಾರಿ," ಎಂದ ಜಾಕೀರ. "ಹಳೇದರ ಮ್ಯಾಲ ಭಾರ ಹಾಕಬ್ಯಾಡ."

"ಹೊಸಾ ತಂತಿ, ಹೊಸಾ ಕಾರ್ಬನ್ನು, ಹೊಸಾ ಬೇರಿಂಗು. ಇನ್ನೇನು ಹಳೇದು ಉಳೀತು?"

"ಡಯೋಡ್ ಪ್ಲೇಟ ಉಳೀತು. ಬಿಸಿ ಆತಂದ್ರ ಕೈ ಕೊಡ್ತೈತಿ ಅದು."

ಡಯೋಡ್ ಪ್ಲೇಟ್ ಎಂದರೆ ಡೈನಮೋದ ಬೆನ್ನಿಗಿರುವ ಚಿಕ್ಕ ತಟ್ಟೆ. ಒಳಗೆ ಹುಟ್ಟಿದ ಕರೆಂಟನ್ನು ಬ್ಯಾಟರಿಗೆ ಒಗ್ಗುವಂತೆ ಮಾಡಿ ಕಳಿಸುವುದು ಅದೇ. ದಿಲ್ಶಾದ ಅದಕ್ಕೆ ಮೀಟರ್ ಹಚ್ಚಿ ಗಂಡನ ಮುಂದೆ ಹಿಡಿದಳು. "ನೋಡ್ರಿ. ಪಾಸ್."

ಕೃಷ್ಣಾಬಾಯಿ ಶಿಷ್ಯೆಯ ಕಡೆ ಮತ ಹಾಕಿದರು. ದಿಲ್ಶಾದ ಅಂದು ಸುತ್ತಿದಷ್ಟು ಚೆನ್ನಾಗಿ ತಂತಿ ಅವಳ ಜೀವಮಾನದಲ್ಲೇ ಕೂತಿರಲಿಲ್ಲ. ಸಾಲಿಗೆ ಸಾಲು, ಹೆಣೆದ ಜಡೆಯಂತೆ. ಮೇಲೆ ವಾರ್ನಿಷ್ ಹಚ್ಚಿ ಬಿಸಿಲಿಗಿಟ್ಟಳು. ಕಾರಿಗೆ ಕೂರಿಸಿ ಸ್ಟಾರ್ಟ್ ಮಾಡಿದಾಗ ಕೆಂಪು ದೀಪ ಆರಿತು.

"ನೀನೂ ನಡಿ ನನ್ನ ಜೋಡಿ," ಎಂದರು ಕೃಷ್ಣಾಬಾಯಿ. "ನಮ್ಮ ರಾಯರು ನಿನ್ನೇನೇ ಬಸ್ಸಿಗೆ ಹೋಗ್ಯಾರ. ಮುಂದಿನ ಸೀಟ್ ಖಾಲಿ ಅದ."

ದಿಲ್ಶಾದ ಅಲ್ಲಿಯವರೆಗೆ ಹಾನಗಲ್ಲಿನಿಂದ ಆಚೆ ಹೋದವಳಲ್ಲ. ಅವಳ ಕೈಯಿಂದ ಗುಣವಾದ ಡೈನಮೋಗಳು ಎಲ್ಲೆಲ್ಲೋ ತಿರುಗಿ ಬಂದಿದ್ದವು, ಅವಳು ಮಾತ್ರ ಮೇಜಿನ ಮುಂದೆಯೇ ಇದ್ದಳು. ಹೊಸ ಚೂಡಿದಾರ ಹಾಕಿಕೊಂಡು, ಚೀಲದಲ್ಲಿ ಪಾನಾ, ಪಕ್ಕಡ ಮುಂತಾದ ರಿಪೇರಿ ಸಾಮಾನು ಇಟ್ಟುಕೊಂಡು ಹೊರಟಳು. ಕೃಷ್ಣಾಬಾಯಿ ಬೀಗರಿಗೆಂದು ಸವಣೂರಿನ ಹೆಸರಾದ ಖಾರದ ತಿಂಡಿಯ ದೊಡ್ಡ ಪೊಟ್ಟಣ ತಂದಿದ್ದರು. ಅದು ಬಂಕಾಪುರ ದಾಟುವುದರೊಳಗೆ ಅರ್ಧವಾಯಿತು.

ಮೊದಲು ಶಿಗ್ಗಾಂವಿಗೆ ಹೋದರು. ಅಲ್ಲಿಯ ಬಡಿಗೇರರು ಮಾಡಿಟ್ಟಿದ್ದ ತೇಗದ ತೊಟ್ಟಿಲನ್ನು ಕಾರಿನ ಮೇಲೆ ಕಟ್ಟಿದರು. ಹಿರೇಕೆರೂರಿನಲ್ಲಿ ಕೃಷ್ಣಾಬಾಯಿಯವರ ತಂಗಿಯ ಮಗಳು ವೇದಾ ದನದ ಡಾಕ್ಟರು. ಅವಳ ಕೂಸನ್ನು ಮಧ್ಯಾಹ್ನ ತೊಟ್ಟಿಲಿಗೆ ಹಾಕಬೇಕು, ತೊಟ್ಟಿಲೇ ಕಾರಿನ ಮೇಲೆ. ತೊಟ್ಟಿಲಿಗೆ ತೂಗುಬಿಡುವ ಹಿತ್ತಾಳೆ ಗಂಟೆಗಳ ಸರವನ್ನು ದಿಲ್ಶಾದ ತೊಡೆಯ ಮೇಲಿಟ್ಟುಕೊಂಡಳು.

ಹೈವೇದಲ್ಲಿ ಲಾರಿಗಳೆಲ್ಲ ಇವರನ್ನು ಹಿಂದೆ ಹಾಕಿ ಹೋದವು. ಬಂಕಾಪುರ, ಹಾನಗಲ್ಲ ದಾಟಿದರು. ಹಾನಗಲ್ಲಿನಲ್ಲಿ ಚಹಾ ಕುಡಿದು, ದಿಲ್ಶಾದ ಗಂಡನಿಗೆ ಫೋನು ಮಾಡಿ, "ದೀಪ ಹತ್ತಿಲ್ಲ ನೋಡ್ರಿ," ಎಂದು ಹೇಳಿಯೂ ಹೇಳಿದಳು. ಅಕ್ಕಿಆಲೂರು ಬಿಟ್ಟು ಸ್ವಲ್ಪ ದೂರ ಹೋಗುವಾಗ, ಎರಡೂ ಕಡೆ ಗೋವಿನಜೋಳದ ಹೊಲ, ಬಿಸಿಲು ಚುರುಕಾಗಿತ್ತು, ಏಸಿ ಹಾಕಿದ್ದರು, ಕೃಷ್ಣಾಬಾಯಿ ತಮ್ಮ ಹಳೆಯ ಹೆಡ್‌ಮಾಸ್ತರರ ಜಿಪುಣತನದ ಕಥೆ ಹೇಳುತ್ತಿದ್ದರು. ದಿಲ್ಶಾದ ನಗುತ್ತಿದ್ದವಳು ಒಮ್ಮೆಲೇ ನಿಲ್ಲಿಸಿದಳು. ಕೆಂಪು ದೀಪ ಹತ್ತಿತ್ತು.

"ಹತ್ತ್ಯದಲ್ಲs," ಎಂದರು ಕೃಷ್ಣಾಬಾಯಿ, ಪರಿಚಯದವರನ್ನು ಕಂಡಂತೆ.

ದಿಲ್ಶಾದ ಕಾರನ್ನು ಬದಿಗೆ ಹಾಕಿಸಿದಳು. ಬಾನೆಟ್ ತೆಗೆಸಿ ನೋಡಿದಳು. ಬೆಲ್ಟು ಬಿಗಿಯಾಗಿಯೇ ಇತ್ತು, ವೈರು ಕಳಚಿರಲಿಲ್ಲ. ಕೆಟ್ಟದ್ದು ಒಳಗೇ. ಡೈನಮೋದ ಬೆನ್ನಿನಿಂದ ಸುಟ್ಟ ವಾಸನೆ ಬರುತ್ತಿತ್ತು. ಅವಳಿಗೆ ಏನಾಗಿದೆ ಎಂದು ಆಗಲೇ ತಿಳಿಯಿತು.

"ಅಕ್ಕೋರ, ಏಸಿ ಬಂದ್ ಮಾಡ್ರಿ. ಎಂಜಿನ್ ಬಂದ್ ಮಾಡಬ್ಯಾಡ್ರಿ, ಮಾಡಿದ್ರ ಮತ್ತ ಚಾಲೂ ಆಗೂದು ಖಾತ್ರಿ ಇಲ್ಲ. ಹಾರ್ನ್ ಹೊಡೀಬ್ಯಾಡ್ರಿ. ಬ್ಯಾಟರಿಯೊಳಗ ಇದ್ದದ್ದು ಎಂಜಿನ್ನಿಗೆ ಅಷ್ಟ ಉಳೀಬೇಕು."

"ಹಾರ್ನ್ ಇಲ್ಲದs ಹ್ಯಾಂಗ ಹೊಡೀಲಿ?" ಎಂದು ಕೃಷ್ಣಾಬಾಯಿ ನಿಜವಾಗಿ ಗಾಬರಿಯಾದರು. ಸ್ಟೇರಿಂಗಿಗಿಂತ ಹಾರ್ನನ್ನೇ ಹೆಚ್ಚು ನಂಬಿದವರು ಅವರು.

"ನಾ ಅದೇನಿ," ಎಂದಳು ದಿಲ್ಶಾದ. ಕಿಟಕಿ ಇಳಿಸಿ ತಲೆ ಹೊರಹಾಕಿದಳು.

ಹೀಗೆ ಹೊರಟರು. ಎದುರಿಗೆ ಸೈಕಲ್ಲು ಬಂದರೆ ದಿಲ್ಶಾದ "ಬಾಜೂ ಸರೀರೀ!" ಎಂದು ಕೂಗುತ್ತಿದ್ದಳು. ಕುರಿಹಿಂಡು ಬಂದರೆ "ಹೋಯ್ ಹೋಯ್!" ಗೋವಿನಜೋಳ ಹೇರಿದ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡಾಗ ಅವಳು ಎಷ್ಟು ಕೂಗಿದರೂ ಅದರ ಡ್ರೈವರನಿಗೆ ಕೇಳಿಸಲಿಲ್ಲ, ಅವನ ಟೇಪಿನ ಹಾಡು ಅದಕ್ಕಿಂತ ಜೋರಾಗಿತ್ತು. ಕೃಷ್ಣಾಬಾಯಿ ತಾವೂ ಒಂದು ಕೂಗು ಹಾಕಿದರು. ಮೂವತ್ತು ವರ್ಷ ತರಗತಿಯ ಹಿಂದಿನ ಬೆಂಚಿಗೆ ಮುಟ್ಟಿಸಿದ ದನಿ. ಟ್ರ್ಯಾಕ್ಟರ್ ತಟ್ಟನೆ ಬದಿಗೆ ಸರಿಯಿತು.

ತಿಳವಳ್ಳಿ ಬರುವ ಹೊತ್ತಿಗೆ ಇಬ್ಬರ ಗಂಟಲೂ ಕಟ್ಟಿತು. ದಿಲ್ಶಾದ ಸುತ್ತ ನೋಡಿದಳು, ತೊಡೆಯ ಮೇಲೆ ಹಿತ್ತಾಳೆ ಗಂಟೆಗಳ ಸರ. ಅದನ್ನೇ ಕಿಟಕಿಯಿಂದ ಹೊರಗೆ ಹಿಡಿದು ಅಲ್ಲಾಡಿಸತೊಡಗಿದಳು. ಗಣಗಣ ಎಂದು ದನಿ ಎದ್ದಿತು. ರಸ್ತೆ ತನ್ನಷ್ಟಕ್ಕೇ ತೆರವಾಯಿತು. ಕಟ್ಟೆಯ ಮೇಲೆ ಕುಳಿತಿದ್ದ ಮುದುಕರೊಬ್ಬರು ಎದ್ದು ಚಪ್ಪಲಿ ಕಳಚಿ, ಮೇಲೆ ತೊಟ್ಟಿಲು ಹೊತ್ತು ಗಂಟೆ ಬಾರಿಸುತ್ತ ಬರುವ ಬಿಳಿ ಕಾರಿಗೆ ಕೈಮುಗಿದರು. ಕೃಷ್ಣಾಬಾಯಿ ಒಂದು ಕೈ ಎತ್ತಿ ಆಶೀರ್ವಾದವನ್ನೂ ಮಾಡಿಬಿಟ್ಟರು.

"ಏನ್ ಮಾಡ್ಲೆವಾ, ಕೈ ತಾನs ಎದ್ದಿತು," ಎಂದರು ಆಮೇಲೆ.

ಎಮ್ಮೆಗಳ ಮುಂದೆ ಮಾತ್ರ ಈ ಉಪಾಯ ನಡೆಯಲಿಲ್ಲ. ಗಂಟೆಯ ದನಿ ಕೇಳಿದ ಎಮ್ಮೆಗಳು ಸರಿಯುವ ಬದಲು, ತಮ್ಮವರೇ ಯಾರೋ ಬಂದರೆಂದು ಕಾರನ್ನು ಸುತ್ತುವರಿದವು. ಒಂದು ಎಮ್ಮೆ ಕಿಟಕಿಯಲ್ಲಿ ಮೂತಿ ತೂರಿಸಿ ದಿಲ್ಶಾದಳ ಕೈಯಲ್ಲಿದ್ದ ಖಾರದ ಪೊಟ್ಟಣವನ್ನು ಮೂಸಿ ಸೀನಿತು. ದಿಲ್ಶಾದ ಕೂಗಿಕೊಂಡಳು. ಆಮೇಲೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಕೆಂಪು ದೀಪ ಉರಿಯುತ್ತಲೇ ಇತ್ತು, ಅವರು ಕಣ್ಣೊರೆಸಿಕೊಳ್ಳುತ್ತ ನಗುತ್ತಲೇ ಇದ್ದರು.

ಹಿರೇಕೆರೂರಿನ ದೊಡ್ಡ ಕೆರೆಯ ನೀರು ಹೊಳೆಯುವುದು ಕಂಡಾಗ ಎಂಜಿನ್ ಒಮ್ಮೆ ಕೆಮ್ಮಿತು, ಇನ್ನೊಮ್ಮೆ ಕೆಮ್ಮಿತು, ನಿಂತಿತು. ಅದೃಷ್ಟಕ್ಕೆ ಇಳಿಜಾರಿತ್ತು. ಕಾರು ಸದ್ದಿಲ್ಲದೆ ಉರುಳಿಕೊಂಡು ಊರಿನ ಮೊದಲ ಅಂಗಡಿಗಳ ಸಾಲಿನವರೆಗೆ ಹೋಯಿತು. ಅಲ್ಲಿ ಉಡಚಪ್ಪ ಎಂಬವರ ಟ್ರ್ಯಾಕ್ಟರ್ ಇಲೆಕ್ಟ್ರಿಕ್ ಅಂಗಡಿಯಿತ್ತು. ಅವರು ಸಂಗತಿ ಕೇಳಿ ನಾಲ್ಕು ಜನರನ್ನು ಕರೆದರು. ಕಾರನ್ನು ಅಂಗಡಿಯ ಮುಂದೆ ನೂಕಿಸಿದರು. ತೊಟ್ಟಿಲನ್ನು ಇಳಿಸಿ ಇಬ್ಬರು ಹೆಗಲ ಮೇಲೆ ಹೊತ್ತರು. ಕೃಷ್ಣಾಬಾಯಿ ಗಂಟೆಯ ಸರ ಹಿಡಿದು ಮುಂದೆ ನಡೆದರು. ವೇದಾಳ ಮನೆಯವರು ಮೆರವಣಿಗೆಯ ಏರ್ಪಾಡು ಯಾರು ಮಾಡಿದರೆಂದು ಆಶ್ಚರ್ಯಪಟ್ಟರಂತೆ.

ದಿಲ್ಶಾದ ಹಿಂದೆ ಉಳಿದಳು. ಉಡಚಪ್ಪ ಮೇಜಿನ ಮೂಲೆಯನ್ನು ತೆರವು ಮಾಡಿಕೊಟ್ಟರು. ಡೈನಮೋ ಬಿಚ್ಚಿದಳು. ತಂತಿ ಹೊಸ ಮದುವಣಗಿತ್ತಿಯಂತೆ ಮಿಂಚುತ್ತಿತ್ತು, ಒಂದೆಳೆಯೂ ಕೆಟ್ಟಿರಲಿಲ್ಲ. ಡಯೋಡ್ ಪ್ಲೇಟ್ ಕರಕಲಾಗಿತ್ತು. ತಣ್ಣಗಿದ್ದಾಗ ಪಾಸಾದದ್ದು ಬಿಸಿಯಲ್ಲಿ ಸತ್ತಿತ್ತು. ಅವಳು ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ಗಂಡ ಹೇಳಿದ್ದ ಒಂದೊಂದು ಮಾತೂ ನೆನಪಾಯಿತು. ತಾನು ಮೀಟರ್ ಎತ್ತಿ ತೋರಿಸಿದ್ದೂ, ಹಾನಗಲ್ಲಿನಿಂದ ಮಾಡಿದ ಫೋನೂ ನೆನಪಾದವು.

ಕೊನೆಗೆ ಫೋನು ಮಾಡಿದಳು.

"ಏನ್ರಿ."

"ಹೂಂ, ಹೇಳು," ಎಂದ ಜಾಕೀರ.

"ಪ್ಲೇಟ ಹೋತ್ರಿ. ನೀವು ಹೇಳಿದ್ದು ಖರೇ ಆತು."

ಅವಳು ಒಂದು ದೊಡ್ಡ ನಗುವಿಗೆ ತಯಾರಾಗಿ ಕಿವಿಯಿಂದ ಫೋನನ್ನು ಸ್ವಲ್ಪ ದೂರ ಹಿಡಿದಳು.

"ನೀ ಆರಾಮದಿ? ಅಕ್ಕೋರು ಆರಾಮದಾರ?" ಎಂದು ಕೇಳಿತು ಆ ದನಿ. "ಊಟಾ ಮಾಡಿ ಕುಂದರು. ಹೊಸಾದು ತಗೊಂಡು ಬಸ್ಸಿಗೆ ಬರ್ತೇನಿ."

ದಿಲ್ಶಾದಳಿಗೆ ಅಳು ಬಂದದ್ದು ಆವಾಗ. ಅವನು ನಕ್ಕಿದ್ದರೆ ಬರುತ್ತಿರಲಿಲ್ಲ.

ಅಷ್ಟರಲ್ಲಿ ಕೃಷ್ಣಾಬಾಯಿ ಅವಳನ್ನು ಹುಡುಕಿಕೊಂಡು ಬಂದರು.

"ಅಕ್ಕೋರ, ತಪ್ಪು ನಂದರಿ. ಅವರು ಹೊಸಾದು ಹಾಕು ಅಂದಿದ್ರು, ನಾ ಹಟಾ ಮಾಡಿದೆ. ನಿಮ್ಮ ಕೆಲಸದ ದಿವಸ ಹಿಂಗಾತು."

"ತಪ್ಪಿಗೆ ಕೆಂಪು ಗೆರೀ ಎಳಿಯೋ ಕೆಲಸಾ ಬಿಟ್ಟು ಭಾಳ ವರ್ಷ ಆತು ನಾ," ಎಂದರು ಕೃಷ್ಣಾಬಾಯಿ. "ಕೈ ತೊಳಕೊ. ಎಲೀ ಹಾಕ್ಯಾರ."

ವೇದಾಳ ಮನೆಯಲ್ಲಿ ಹೆಂಗಸರು ಅವಳನ್ನು ನಡುವೆ ಕೂರಿಸಿಕೊಂಡರು. ದಾರಿಯ ಕಥೆ ಅವಳಿಗಿಂತ ಮೊದಲೇ ಅಲ್ಲಿಗೆ ಬಂದಿತ್ತು. ಎಮ್ಮೆ ಸೀನಿದ್ದನ್ನು ಮತ್ತೆ ಮತ್ತೆ ಹೇಳಿಸಿದರು. ಹೋಳಿಗೆ ಬಡಿಸಿದರು. ಕೂಸನ್ನು ತೊಟ್ಟಿಲಲ್ಲಿ ಮಲಗಿಸಿ ತೂಗುವಾಗ ವೇದಾ ಅವಳನ್ನೂ ಕರೆದು ಹಗ್ಗ ಕೈಗೆ ಕೊಟ್ಟಳು. ಉಗುರಿನ ಸಂದಿಯಲ್ಲಿ ಇನ್ನೂ ಕಪ್ಪಿತ್ತು. ದಿಲ್ಶಾದ ಕೈ ಹಿಂದೆಳೆದುಕೊಂಡಳು.

"ನನ್ನ ಕೈ ನೋಡ್ರಿ," ಎಂದು ವೇದಾ ತನ್ನ ಕೈ ಮುಂದೆ ಚಾಚಿದಳು. "ದನದ ಡಾಕ್ಟರು ನಾ. ನಿಮ್ಮದು ಭಾಳ ಸ್ವಚ್ಛ ಅದ."

ರಾಘಣ್ಣ ಹೊರಗಿನ ಕುರ್ಚಿಯಲ್ಲಿ ಕುಳಿತು, ಹಿಂದಿರುಗುವ ಬಸ್ಸು ಎಷ್ಟು ಗಂಟೆಗೆ ಎಂದು ಯಾರನ್ನೋ ಮೆಲ್ಲಗೆ ಕೇಳುತ್ತಿದ್ದರು.

ಜಾಕೀರ ಬಂದಾಗ ಬಿಸಿಲು ಇಳಿಯತೊಡಗಿತ್ತು. ಹೊಸ ಡೈನಮೋವನ್ನು ಟವೆಲ್ಲಿನಲ್ಲಿ ಸುತ್ತಿ, ಕೂಸನ್ನು ಎತ್ತಿಕೊಂಡಂತೆ ಎದೆಗವಚಿಕೊಂಡು ಬಸ್ಸಿನಿಂದ ಇಳಿದ. ಉಡಚಪ್ಪನವರ ಅಂಗಡಿಯ ಮುಂದೆ ಕಾಯುತ್ತಿದ್ದ ಹೆಂಡತಿಯ ಮುಖವನ್ನೊಮ್ಮೆ ನೋಡಿದ. ಕಾರಿನ ಕೆಳಗೆ ನುಸುಳಿದ. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಅವನ ದನಿ ಬಂತು: "ಅಯ್ಯಯ್ಯ!"

"ಏನಾತ್ರಿ?"

"ಪುಲ್ಲಿ ಬ್ಯಾರೆ ಐತಿ. ಬೆಲ್ಟ ಕೂಡವಲ್ದು."

ಬೆಲ್ಟು ಹಿಡಿದು ತಿರುಗುವ ಗಾಲಿಯೇ ಪುಲ್ಲಿ. ಹೊಸದರ ಗಾಲಿಯ ಗೆರೆಗಳು ಈ ಕಾರಿನ ಬೆಲ್ಟಿಗೆ ಹೊಂದುತ್ತಿರಲಿಲ್ಲ. ಪೆಟ್ಟಿಗೆ ತರುವ ಅವಸರದಲ್ಲಿ ಜಾಕೀರ ಅದನ್ನು ನೋಡಿರಲಿಲ್ಲ. ಈಗ ನಗುವ ಸರದಿ ದಿಲ್ಶಾದಳದಾಗಿತ್ತು. ಅವಳು ನಗಲಿಲ್ಲ. ಹಳೆಯದರ ಪುಲ್ಲಿಯನ್ನು ಬಿಚ್ಚಿ ತಂದು, ಗಂಡನ ಪಕ್ಕ ನೆಲಕ್ಕೆ ಕುಳಿತಳು. ಅವನು ಹಿಡಿದುಕೊಂಡ, ಅವಳು ಬಿಗಿದಳು. ಅಂಗಡಿಯಲ್ಲಿ ಅವನು ಮುಂದೆ, ಅವಳು ಹಿಂದೆ. ಒಂದೇ ಕಾರಿಗೆ ಇಬ್ಬರೂ ಒಟ್ಟಿಗೆ ಕೈ ಹಾಕಿದ್ದು ಅದೇ ಮೊದಲು. ಅವನು "ಹಂಗಲ್ಲ" ಎಂದರೆ ಇವಳು "ಹಂಗ" ಎನ್ನುತ್ತ, ಇಬ್ಬರೂ ಮತ್ತೆ ಜಗಳಕ್ಕೆ ಬಂದರು. ಅದನ್ನು ಕೇಳಿದ ಮೇಲೆ ಕೃಷ್ಣಾಬಾಯಿಗೆ ಎಲ್ಲ ಸರಿಯಾಯಿತೆಂದು ಸಮಾಧಾನವಾಯಿತು.

ಉಡಚಪ್ಪ ಅಲ್ಲೇ ಮೇಜಿನ ಮೇಲಿದ್ದ ಹಳೆಯ ಡೈನಮೋವನ್ನು ಎತ್ತಿ ಬೆಳಕಿಗೆ ಹಿಡಿದು ತಿರುಗಿಸಿ ನೋಡುತ್ತಿದ್ದರು.

"ಇದನ್ನ ಎಲ್ಲಿ ಸುತ್ತಿಸಿದ್ರಿ? ಹುಬ್ಬಳ್ಳ್ಯಾಗ?"

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಇಲ್ರಿ," ಎಂದ ಜಾಕೀರ, ಕಾರಿನ ಕೆಳಗಿನಿಂದ ತಲೆ ಹೊರಹಾಕಿ. "ಇಕಿ ಸುತ್ತ್ಯಾಳ. ನನ್ನ ಹೆಂಡ್ತಿ."

"ನಮ್ಮ ಕಡೆ ಸುತ್ತಾವ್ರು ಯಾರೂ ಉಳಿದಿಲ್ಲ," ಎಂದರು ಉಡಚಪ್ಪ. ಅಂಗಡಿಯ ಹಿಂದೆ ಕರೆದುಕೊಂಡು ಹೋಗಿ ಗೋಣಿತಟ್ಟು ಸರಿಸಿದರು. ಅಲ್ಲಿ ಟ್ರ್ಯಾಕ್ಟರು, ಟಂಟಂ ಆಟೊ, ಜೀಪುಗಳ ಸುಟ್ಟ ಡೈನಮೋಗಳು ಗುಡ್ಡೆ ಬಿದ್ದಿದ್ದವು. "ಗುಜರಿಗೆ ಹಾಕೋಣ ಅಂತ ಇಟ್ಟೇನಿ. ನೋಡ್ತೀರೇನ್ರಿ ಅಕ್ಕಾರ?"

ದಿಲ್ಶಾದ ಕುಕ್ಕರಗಾಲಿನಲ್ಲಿ ಕುಳಿತು ಒಂದೊಂದನ್ನೇ ಎತ್ತಿ ತಿರುಗಿಸಿ ನೋಡತೊಡಗಿದಳು. ಕೆಲವನ್ನು ಬಲಕ್ಕೆ, ಕೆಲವನ್ನು ಎಡಕ್ಕೆ ಇಟ್ಟಳು. ಎಡಕ್ಕೆ ಇಟ್ಟವುಗಳ ಬಗ್ಗೆ, "ಇವು ಆಗೂದಿಲ್ರಿ, ಹೊಸಾವs ಹಾಕ್ರಿ," ಎಂದಾಗ ಜಾಕೀರ ಕಿವಿಯನ್ನು ನಂಬದೆ ಹೆಂಡತಿಯ ಕಡೆ ತಿರುಗಿದ. ಬಲಕ್ಕಿದ್ದವು ಡಿಕ್ಕಿಗೆ ಹೋದವು.

ಉಡಚಪ್ಪ ಮಧ್ಯಾಹ್ನದಿಂದ ಚಾರ್ಜಿಗಿಟ್ಟಿದ್ದ ಬ್ಯಾಟರಿ ಕೂರಿಸಿದ ಮೇಲೆ ಕಾರು ಸ್ಟಾರ್ಟ್ ಆಗಿ, ಹಿಂದಿರುಗುವಾಗ ಗುಣಗುಣ ಎನ್ನುತ್ತ ಓಡಿತು. ಹಾನಗಲ್ಲಿನಲ್ಲಿ ನಿಲ್ಲಿಸಿ ಮಿರ್ಚಿ ಮಂಡಕ್ಕಿ ತಿಂದರು. ಕೃಷ್ಣಾಬಾಯಿ ಬೆಳಗಿನಿಂದ ಅದುಮಿಟ್ಟಿದ್ದ ಹಾರ್ನನ್ನೆಲ್ಲ ಬಂಕಾಪುರದವರೆಗೆ ಬಾರಿಸಿದರು. ರಾಘಣ್ಣ ಬಸ್ಸಿಗೇ ಬಂದರು.

ಆ ಡಿಕ್ಕಿಯಲ್ಲಿದ್ದವುಗಳನ್ನು ದಿಲ್ಶಾದ ಒಂದೊಂದಾಗಿ ಸುತ್ತಿದಳು. ಈಗ ಅವಳ ಮೇಜಿನ ಪಕ್ಕ ಒಂದು ಹಳೆಯ ರೊಟ್ಟಿ ಹಂಚಿದೆ, ಕೆಳಗೆ ಸಣ್ಣ ಒಲೆ. ಡಯೋಡ್ ಪ್ಲೇಟುಗಳನ್ನು ಅದರ ಮೇಲೆ ಕಾಯಿಸಿ, ಬಿಸಿಯಲ್ಲೇ ಮೀಟರ್ ಹಚ್ಚಿ ನೋಡುತ್ತಾಳೆ. ಅಲ್ಲಿ ಪಾಸಾಗದ್ದು ಹೊರಗೆ. ಹೊಸದರ ಪೆಟ್ಟಿಗೆಯನ್ನು ಕೆಲವೊಮ್ಮೆ ಅವಳೇ ಕಪಾಟಿನಿಂದ ಇಳಿಸುತ್ತಾಳೆ. ಗಿರಾಕಿಗೆ ರಿಪೇರಿ, ಹೊಸದು ಎರಡರ ಬಗ್ಗೆಯೂ ಹೇಳಿ, ಯಾವುದು ಬೇಕೆಂದು ಕೇಳುತ್ತಾರೆ. ಅವನು ಹೇಳಲು ಬಾಯಿ ತೆರೆಯುವುದರೊಳಗೆ ಇಬ್ಬರೂ ವಾದಕ್ಕೆ ಬಿದ್ದಿರುತ್ತಾರೆ, ಅದು ಬೇರೆ ಮಾತು.

ಹಿರೇಕೆರೂರಿನಿಂದ ಮಾಲು ಬರುವುದು ನಿಂತಿಲ್ಲ. ಉಡಚಪ್ಪ ಹೇಳಿದ್ದರಿಂದ ಹಾನಗಲ್ಲಿನ ಒಬ್ಬರು, ಶಿಗ್ಗಾಂವಿಯ ಇಬ್ಬರು ಮಿಸ್ತ್ರಿಗಳೂ ಕಳಿಸತೊಡಗಿದ್ದಾರೆ. ಎಲ್ಲವೂ ಗೋಣಿಚೀಲದಲ್ಲಿ ಬಸ್ಸಿಗೇ ಬರುತ್ತವೆ. ಮೊನ್ನೆ ಕಂಡಕ್ಟರ್ ದುರ್ಗೇಶ ಚೀಲವೊಂದನ್ನು ಎರಡೂ ಕೈಯಿಂದ ಎತ್ತಿ ತಂದು ಅಂಗಡಿಯ ಮೆಟ್ಟಿಲ ಮೇಲೆ ಇಳಿಸಿ ಸೊಂಟ ಹಿಡಿದುಕೊಂಡ.

"ಅಕ್ಕಾರ, ಹಿರೇಕೆರೂರಾಗ ಕಲ್ಲು ತುಂಬಿ ಕಳಸ್ತಾರೇನ್ರಿ?"

"ಚಹಾ ಕುಡದು ಹೋಗ್ರಿ," ಎಂದಳು ದಿಲ್ಶಾದ. ಚೀಲದ ಬಾಯಿ ಬಿಚ್ಚಿ ಮೇಲಿನದನ್ನು ಎತ್ತಿಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, ಗಂಡನನ್ನು ಕೂಗಿದಳು: "ಏನ್ರಿ, ಬರ್ರಿಲ್ಲೆ. ಇದನ್ನ ಏನ್ ಮಾಡೋಣು, ನೀವ ಹೇಳ್ರಿ."